311 ನ್ಯಾನೋಮೀಟರಿನ ಹಿಂದಿನ ಹಾಳೆಗಳು

ವಿಜಯಪುರದ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ, ಹಸಿರು ಪರದೆಯ ಆಚೆಗೆ, ಬೆಳಕಿನ ಚಿಕಿತ್ಸೆ ಕೊಡುವ ಆಳೆತ್ತರದ ಒಂದು ಪೆಟ್ಟಿಗೆ ಇದೆ. ಒಳಗೆ ಹೋಗಿ ನಿಂತರೆ ಸುತ್ತಲೂ ಟ್ಯೂಬ್‌ಲೈಟುಗಳು, ನೆತ್ತಿಯ ಮೇಲೆ ಗುಂಯ್ಗುಡುವ ಒಂದು ಫ್ಯಾನು. 2022ರ ಆಗಸ್ಟ್ ತಿಂಗಳಲ್ಲಿ ನಾನು ಮೊದಲ ಸಲ ಅದರೊಳಗೆ ಕಾಲಿಟ್ಟಾಗ, ಕಪ್ಪು ಕನ್ನಡಕ ಹಾಕಿಕೊಳ್ಳುವ ಮುನ್ನ ಮಾಡಿದ ಕೆಲಸವೆಂದರೆ ಒಂದು ಟ್ಯೂಬಿನ ತುದಿಗೆ ಬಗ್ಗಿ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿದ್ದು. ಇಪ್ಪತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳಿಗೆ ಅಂಟಿದ ಚಟ ಅದು. ಟಿಎಲ್ ಎಂಬ ಅಕ್ಷರಗಳು, 100 ವ್ಯಾಟ್ ಎಂಬ ಗುರುತು, ಅದರ ಪಕ್ಕದಲ್ಲಿ ಒಂದು ಓರೆಗೆರೆ ಎಳೆದು 01 ಎಂದು ಬರೆದಿತ್ತು. ಈ 01 ಏನೆಂದು ಕೇಳಿದ್ದಕ್ಕೆ ಸಿಸ್ಟರ್ ನಗುತ್ತ, “ಅದು ಕಂಪನಿಯವರು ಬರದಿದ್ದರೀ ಮೇಡಂ, ನೀವು ಮೊದಲ ಕನ್ನಡಕ ಹಾಕ್ಕೋರಿ” ಎಂದರು. ಹಾಕಿಕೊಂಡೆ. ಅಂದಿನ ಬೆಳಕು 40 ಸೆಕೆಂಡಿಗೆ ಮುಗಿಯಿತು. ಆ 01ರ ಬೆನ್ನು ಹತ್ತಿ ನಾನು ಓದತೊಡಗಿದ ಪ್ರಬಂಧಗಳು ಮಾತ್ರ ವರ್ಷದ ಮೇಲೂ ಮುಗಿದಿರಲಿಲ್ಲ.

ನನಗಿರುವುದು ತೊನ್ನು. ಬೆಳಗಾವಿಯ ಕಡೆ ಮರಾಠಿ ಮಾತನಾಡುವವರು ಅದನ್ನು ಕೋಡ ಎನ್ನುತ್ತಾರೆ, ನಮ್ಮ ಜಮಖಂಡಿಯ ಹಿರಿಯರು ಹೆಸರನ್ನೇ ಎತ್ತದೆ ‘ಬಿಳೇ ಕಲೆ’ ಎಂದು ದನಿ ತಗ್ಗಿಸುತ್ತಾರೆ, ಆಯುರ್ವೇದದ ಗ್ರಂಥಗಳಲ್ಲಿ ಅದು ಶ್ವಿತ್ರ. ಶ್ವೇತಕುಷ್ಠ ಎಂಬ ಮತ್ತೊಂದು ಹೆಸರೂ ಇದೆ. ಆ ಹೆಸರು ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿದೆಯೋ ಲೆಕ್ಕವಿಟ್ಟವರಿಲ್ಲ. ಕುಷ್ಠ ಬ್ಯಾಕ್ಟೀರಿಯಾದಿಂದ ಬರುವ ರೋಗ; ತೊನ್ನಿನಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ಮುಗಿಬೀಳುತ್ತದೆ. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ, ತೊನ್ನು ಒಬ್ಬರಿಂದ ಒಬ್ಬರಿಗೆ ಹತ್ತುವುದೂ ಇಲ್ಲ. ನನ್ನ ಕುತ್ತಿಗೆಯ ಬಲಬದಿ, ಎರಡೂ ಮೊಣಕೈ ಮತ್ತು ಬೆರಳ ತುದಿಗಳಲ್ಲಿ ಅದು ಕಾಣಿಸಿಕೊಂಡಾಗ ನನಗೆ ನಲವತ್ತೊಂದು ವರ್ಷ. ಮದುವೆಯ ಚಿಂತೆ ಇರಲಿಲ್ಲವಾದ್ದರಿಂದ ಓದುವುದಕ್ಕೆ ಬಿಡುವಾಯಿತು.

ವೈದ್ಯಕೀಯ ಲೇಖನಗಳನ್ನು ಹುಡುಕಿಕೊಡುವ ಪಬ್‌ಮೆಡ್ ಎಂಬ ಜಾಲತಾಣದಲ್ಲಿ ತೊನ್ನು, ಬೆಳಕು ಎಂದು ಹುಡುಕಿದರೆ ಸಾವಿರಗಟ್ಟಲೆ ಲೇಖನಗಳು ಬರುತ್ತವೆ. ಮೊದಮೊದಲು ಸಿಕ್ಕಿದ್ದನ್ನೆಲ್ಲ ಓದಿ ತಲೆ ಕೆಡಿಸಿಕೊಂಡೆ. ಆಮೇಲೆ ಒಂದು ಉಪಾಯ ಕಂಡುಕೊಂಡೆ: ಪ್ರತಿ ಲೇಖನದ ಕೊನೆಯ ಆಕರಗಳ ಪಟ್ಟಿಯನ್ನು ಹಿಡಿದು ಹಿಂದಕ್ಕೆ ನಡೆಯುವುದು. ಹಾಗೆ ನಡೆದಾಗ ಮತ್ತೆ ಮತ್ತೆ ಎದುರಾದ ಹೆಸರು ಜಾನ್ ಪ್ಯಾರಿಶ್, ಅಮೆರಿಕದ ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಚರ್ಮವೈದ್ಯ. ವಿಯೆಟ್ನಾಮ್ ಯುದ್ಧದಲ್ಲಿ ಸೇನಾ ವೈದ್ಯನಾಗಿ ಹೋಗಿಬಂದವರು. ಒಬ್ಬ ಸಂಶೋಧಕನ ಪ್ರಕಟಣೆಗಳನ್ನು ವರ್ಷಾನುಕ್ರಮದಲ್ಲಿ ಓದುವ ಅನುಭವವೇ ಬೇರೆ. ಪಠ್ಯಪುಸ್ತಕದಲ್ಲಿ ಎಲ್ಲವೂ ಮೊದಲೇ ಗೊತ್ತಿದ್ದ ಹಾಗೆ ಬರೆದಿರುತ್ತದೆ. ಈ ಹಾಳೆಗಳಲ್ಲಿ ಒಬ್ಬ ಮನುಷ್ಯ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು, ಗೆದ್ದು, ಗೆದ್ದದ್ದು ಸಾಲದೆಂದು ಕಂಡು, ಅದೇ ಪ್ರಶ್ನೆಯನ್ನು ಇನ್ನಷ್ಟು ಸಣ್ಣದಾಗಿಸಿ ಕೇಳಿದ್ದು ಕಾಣುತ್ತದೆ.

ಮೊದಲ ಗೆಲುವು 1974ರದು. ಆ ವರ್ಷದ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ಯಾರಿಶ್, ಥಾಮಸ್ ಫಿಟ್ಸ್‌ಪ್ಯಾಟ್ರಿಕ್, ಟ್ಯಾನನ್‌ಬಾಮ್ ಮತ್ತು ಭಾರತೀಯ ಮೂಲದ ಮಧು ಪಾಠಕ್ ಎಂಬ ನಾಲ್ವರ ಹೆಸರಿನಲ್ಲಿ ಒಂದು ಪ್ರಬಂಧ ಬಂತು. ವಿಷಯ ಸೋರಿಯಾಸಿಸ್, ಚರ್ಮದ ಕೋಶಗಳು ಅತಿಯಾಗಿ ಬೆಳೆದು ಹೊಟ್ಟೇಳುವ ಕೆಂಪು ಮಚ್ಚೆಗಳಾಗುವ ರೋಗ. ಮೆಥಾಕ್ಸಲೆನ್ ಎಂಬ ಔಷಧವನ್ನು ಬಾಯಿಯಿಂದ ಕೊಟ್ಟು, ಅದು ಚರ್ಮಕ್ಕೆ ತಲಪುವಷ್ಟು ಹೊತ್ತು ಕಾದು, ಆಮೇಲೆ 320ರಿಂದ 400 ನ್ಯಾನೋಮೀಟರ್ ತರಂಗಾಂತರದ ದೀರ್ಘ ನೇರಳಾತೀತ ಬೆಳಕು, ಅಂದರೆ ಯುವಿ-ಎ ಬಿಟ್ಟರೆ ಮೈತುಂಬ ಹರಡಿದ ಮಚ್ಚೆಗಳೂ ಕರಗುತ್ತವೆ ಎಂಬುದು ಅದರ ಸಾರ. ಔಷಧವೊಂದರಿಂದ ಏನೂ ಆಗುವುದಿಲ್ಲ, ಆ ಬೆಳಕೊಂದರಿಂದಲೂ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಎರಡೂ ಕೂಡಿದಾಗ ಔಷಧದ ಅಣು ಜೀವಕೋಶದ ಡಿಎನ್‌ಎ ಎಳೆಗಳ ನಡುವೆ ಸೇರಿಕೊಂಡು ಅಡ್ಡಗಟ್ಟು ಹಾಕುತ್ತದೆ, ಹುಚ್ಚೆದ್ದು ಬೆಳೆಯುತ್ತಿದ್ದ ಚರ್ಮದ ಕೋಶಗಳು ನಿಲ್ಲುತ್ತವೆ. ಪ್ಸೊರಾಲೆನ್ ಮತ್ತು ಯುವಿ-ಎ ಎಂಬೆರಡರ ಮೊದಲಕ್ಷರಗಳಿಂದ ಪುವಾ ಎಂಬ ಹೆಸರು ಬಂತು. ಎರಡು ವರ್ಷಗಳ ನಂತರ, 1976ರಲ್ಲಿ, ಇವರಲ್ಲಿ ಮೂವರು ಮತ್ತೊಬ್ಬ ಸಹಲೇಖಕರ ಜೊತೆ ಇದೇ ವಿಧಾನವನ್ನು ತೊನ್ನಿಗೆ ಬಳಸಿದ ಪ್ರಬಂಧವನ್ನು ಪ್ರಕಟಿಸಿದರು.

ಪ್ಸೊರಾಲೆನ್ ಎಂಬ ಶಬ್ದವನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೋದರತ್ತೆ. ಆಕೆಗೂ ತೊನ್ನಿತ್ತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಗಂಧಿಗೆ ಅಂಗಡಿಯಿಂದ ಬಾವಂಚಿ ಬೀಜ ತರಿಸಿ, ಗೋಮೂತ್ರದಲ್ಲಿ ನೆನೆಸಿ, ಅರೆದು ಹಚ್ಚಿಕೊಂಡು, ಯಾರೋ ಹೇಳಿದರೆಂದು ಮಾಳಿಗೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಮರುದಿನ ಸಂಜೆಯ ಹೊತ್ತಿಗೆ ಹಚ್ಚಿದ ಜಾಗವೆಲ್ಲ ಬೊಬ್ಬೆ ಎದ್ದಿತು, ಜ್ವರ ಬಂತು, ಬಾವಂಚಿಯ ಮೇಲೆ ಮನೆಯಲ್ಲಿ ಶಾಪದ ಮಳೆ ಸುರಿಯಿತು. ಬಾವಂಚಿಯ ಸಸ್ಯಶಾಸ್ತ್ರೀಯ ಹೆಸರು ಸೊರಾಲಿಯ ಕೊರಿಲಿಫೋಲಿಯ, ಪ್ಸೊರಾಲೆನ್ನಿಗೆ ಹೆಸರು ಬಂದದ್ದೇ ಆ ಗಿಡದ ಕುಲದಿಂದ. ಅಂದರೆ ನಮ್ಮತ್ತೆ ಮಾಳಿಗೆಯ ಮೇಲೆ ಮಾಡಿಕೊಂಡದ್ದು ತಾತ್ತ್ವಿಕವಾಗಿ ಬಾಸ್ಟನ್ನಿನ ಚಿಕಿತ್ಸೆಯೇ. ಎಷ್ಟು ಔಷಧ, ಎಷ್ಟು ಬೆಳಕು ಎಂಬ ಎರಡು ಅಂಕಿಗಳು ಮಾತ್ರ ಅವಳ ಕೈಯಲ್ಲಿರಲಿಲ್ಲ. ಕೈರೋದ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಎಂಬ ವೈದ್ಯರು ನೈಲ್ ನದಿಯ ಬಯಲಿನ ಇನ್ನೊಂದು ಗಿಡದ ಪುಡಿಯನ್ನೂ ಬಿಸಿಲನ್ನೂ ಹೀಗೆಯೇ ಕೂಡಿಸಿ ತೊನ್ನಿಗೆ ಚಿಕಿತ್ಸೆ ಮಾಡಿ 1948ರಲ್ಲಿ ಬರೆದಿದ್ದರು. ಆ ಗಿಡದಿಂದ ಬೇರ್ಪಡಿಸಿದ ಮೆಥಾಕ್ಸಲೆನ್ನೇ ಮುಂದೆ ಬಾಸ್ಟನ್ನಿಗೆ ಹೋಯಿತು.

ಪ್ಸೊರಾಲೆನ್ನಿನ ದಾಯಾದಿಗಳು ನಮ್ಮ ಸುತ್ತಲೂ ಇವೆ. ಅಂಜೂರದ ಹಾಲಿನಲ್ಲಿವೆ, ಲಿಂಬೆಯ ಸಿಪ್ಪೆಯಲ್ಲಿವೆ. ಇಂಡಿ ತಾಲೂಕಿನ ಲಿಂಬೆಯ ಮೂಟೆಗಳು ವಿಜಯಪುರದ ಬಸ್ ನಿಲ್ದಾಣದ ಸುತ್ತ ಘಮಘಮಿಸುತ್ತವೆ. ಬೇಸಿಗೆಯಲ್ಲಿ ಬಯಲಲ್ಲೇ ಗಾಡಿ ನಿಲ್ಲಿಸಿಕೊಂಡು ದಿನವಿಡೀ ಲಿಂಬೆ ಹಿಂಡಿ ಶರಬತ್ತು ಮಾರುವವರ ಕೈಮೇಲೆ, ರಸ ಇಳಿದ ದಾರಿಯಲ್ಲೇ ಕಪ್ಪು ಗೆರೆಗಳು ಬೀಳುವುದುಂಟು. ಅದೂ ಇದೇ ರಸಾಯನಶಾಸ್ತ್ರ. ಬಿಸಿಲಿಗೆ ಹೋಗುವ ಮುನ್ನ ಕೈ ತೊಳೆದುಕೊಂಡರೆ ಆಯಿತು.

ಪುವಾದಿಂದ ಕೀರ್ತಿ ಬಂದ ಮೇಲೆ ಪ್ಯಾರಿಶ್ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. 1981ರಲ್ಲಿ ಜರ್ನಲ್ ಆಫ್ ಇನ್ವೆಸ್ಟಿಗೇಟಿವ್ ಡರ್ಮಟಾಲಜಿ ಪತ್ರಿಕೆಯಲ್ಲಿ ಯಾನಿಕೆ ಎಂಬ ಸಹಲೇಖಕರೊಡನೆ ಪ್ರಕಟಿಸಿದ, ಹೆಚ್ಚು ಸದ್ದಿಲ್ಲದ ಒಂದು ಪ್ರಬಂಧವನ್ನೇ ಇವರ ಎಲ್ಲ ಬರಹಗಳಲ್ಲಿ ನಾನು ಎತ್ತರದಲ್ಲಿಡುತ್ತೇನೆ. ಅಷ್ಟು ಹೊತ್ತಿಗೆ ಯುವಿ-ಬಿ, ಅಂದರೆ 280ರಿಂದ 320 ನ್ಯಾನೋಮೀಟರಿನ ನಡುವಿನ ಬೆಳಕು ಸೋರಿಯಾಸಿಸ್‌ಗೆ ಒಳ್ಳೆಯದೆಂಬುದು ಹಳೆಯ ಸಂಗತಿಯಾಗಿತ್ತು. 1925ರಿಂದಲೇ ಗೋಕರ್‌ಮನ್ ಎಂಬ ವೈದ್ಯರ ಕ್ರಮದಂತೆ ಕಲ್ಲಿದ್ದಲ ಡಾಂಬರು ಹಚ್ಚಿ ನೇರಳಾತೀತ ದೀಪದ ಮುಂದೆ ರೋಗಿಗಳನ್ನು ನಿಲ್ಲಿಸುತ್ತಿದ್ದರು. ಆದರೆ ಆ ದೀಪಗಳಿಂದ ಹೊರಡುತ್ತಿದ್ದದ್ದು ಕಲಬೆರಕೆ ಬೆಳಕು. ಅದರಲ್ಲಿ ಮಚ್ಚೆ ಕರಗಿಸುವ ಕಿರಣ ಯಾವುದು, ಬರಿದೇ ಚರ್ಮ ಸುಡುವ ಕಿರಣ ಯಾವುದು ಎಂದು ಯಾರೂ ಅಚ್ಚುಕಟ್ಟಾಗಿ ಬೇರ್ಪಡಿಸಿರಲಿಲ್ಲ.

ಪ್ಯಾರಿಶ್ ಮಾಡಿದ್ದು ಸಾಣಿಗೆ ಹಿಡಿಯುವ ಕೆಲಸ. ರಾಶಿಯ ಜೋಳವನ್ನು ಬೇರೆ ಬೇರೆ ಕಣ್ಣಿನ ಸಾಣಿಗೆಗಳಲ್ಲಿ ಹಿಡಿದು ಕಾಳು, ನುಚ್ಚು, ಹೊಟ್ಟು ಬೇರೆ ಮಾಡುವ ಹಾಗೆ, ಬೆಳಕನ್ನು ಒಂದೊಂದೇ ತರಂಗಾಂತರಕ್ಕೆ ಒಡೆದು, 254, 280, 290, 296, 300, 304, 313 ನ್ಯಾನೋಮೀಟರ್ ಎಂದು ಬೇರೆ ಬೇರೆಯಾಗಿ, ಬೆರಳೆಣಿಕೆಯ ರೋಗಿಗಳ ಮಚ್ಚೆಗಳ ಸಣ್ಣ ಸಣ್ಣ ಜಾಗಗಳ ಮೇಲೆ ದಿನವೂ ಬಿಟ್ಟು ನೋಡಿದರು. 290 ಮತ್ತು ಅದಕ್ಕಿಂತ ಕಿರಿದಾದ ತರಂಗಾಂತರಗಳು ಚರ್ಮವನ್ನು ಕೆಂಪಾಗಿಸಿದವು, ಸುಟ್ಟವು, ಆದರೆ ಕೆಂಪಾಗಲು ಬೇಕಾದ ಪ್ರಮಾಣದ ಹತ್ತಾರು ಪಟ್ಟು ಕೊಟ್ಟರೂ ಮಚ್ಚೆಯನ್ನು ಕರಗಿಸಲಿಲ್ಲ. 296ರಿಂದ 313ರ ವರೆಗಿನವು ಕರಗಿಸಿದವು. ನನ್ನ ಮಟ್ಟಿಗೆ ಈ ಎರಡು ವಾಕ್ಯಗಳೇ ಆ ಪೆಟ್ಟಿಗೆಯ ಜಾತಕ. ಸುಡುವುದೂ ವಾಸಿ ಮಾಡುವುದೂ ಒಂದೇ ಕ್ರಿಯೆಯಲ್ಲ, ಸುಡದೆ ಫಲವಿಲ್ಲ ಎಂಬುದು ತಪ್ಪು, ಹೆಚ್ಚು ಸುಡುವ ಕಿರಣವನ್ನು ಕಿತ್ತು ಹಾಕಿ ಉಳಿದುದನ್ನಷ್ಟೇ ಕೊಡಬಹುದು ಎಂಬುದು ಅಲ್ಲಿ ಅಂಕಿಗಳಲ್ಲಿ ಇತ್ತು. “ಉರದರನ ಗುಣ ಆಗೂದು” ಎಂಬ ನಂಬಿಕೆ ನಮ್ಮ ಕಡೆ ಮುಲಾಮಿನಿಂದ ಹಿಡಿದು ಅಯೋಡಿನ್ ತನಕ ಎಲ್ಲದಕ್ಕೂ ಅನ್ವಯಿಸುತ್ತದೆ. ಸೋದರತ್ತೆ ಅದೇ ನಂಬಿಕೆಯಲ್ಲಿ ಮಧ್ಯಾಹ್ನದ ತನಕ ಮಾಳಿಗೆಯಿಂದ ಇಳಿದಿರಲಿಲ್ಲ.

ಇಂಥದೊಂದು ಕಿರಣವನ್ನಷ್ಟೇ ಸೂಸುವ ದೀಪವನ್ನು ಫಿಲಿಪ್ಸ್ ಕಂಪನಿ ತಯಾರಿಸಿತು. ನಾನು ಬಗ್ಗಿ ಓದಿದ 01 ಅದೇ. ಅದರ ಒಳಗಿನ ಭೌತಶಾಸ್ತ್ರ ಮನೆಯ ಟ್ಯೂಬ್‌ಲೈಟಿನದೇ: ಪಾದರಸದ ಆವಿಯಲ್ಲಿ ವಿದ್ಯುತ್ತು ಹರಿದು ನೇರಳಾತೀತ ಕಿರಣ ಹೊರಟು, ಗಾಜಿನ ಒಳಮೈಗೆ ಬಳಿದ ಪುಡಿಗೆ ತಾಗುತ್ತದೆ. ಮನೆಯ ಟ್ಯೂಬಿನಲ್ಲಿ ಆ ಪುಡಿ ಬಿಳಿ ಬೆಳಕನ್ನು ಕೊಡುತ್ತದೆ. ಇಲ್ಲಿ ಪುಡಿಯಲ್ಲಿರುವ ಗ್ಯಾಡೊಲಿನಿಯಮ್ ಅಯಾನು 311 ನ್ಯಾನೋಮೀಟರಿನ ಸುತ್ತ ಒಂದು ಕಿರಿದಾದ ಗೆರೆಯನ್ನು ಸೂಸುತ್ತದೆ. 1988ರಲ್ಲಿ ಈ ದೀಪ ಹಳೆಯ ಯುವಿ-ಬಿ ದೀಪಗಳಿಗಿಂತ ಸೋರಿಯಾಸಿಸ್‌ಗೆ ಮೇಲೆಂದು ಯುರೋಪಿನಿಂದ ವರದಿಗಳು ಬಂದವು. ಮಾತ್ರೆ ಬೇಡ, ಮಾತ್ರೆಯಿಂದ ಬರುವ ವಾಕರಿಕೆ ಬೇಡ, ಚಿಕಿತ್ಸೆಯ ನಂತರ ದಿನವೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ತಿರುಗುವುದೂ ಬೇಡ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮೆಥಾಕ್ಸಲೆನ್ ನುಂಗಿ ಬಸ್ಸಿಗೆ ಕಾಯುವುದನ್ನು ಊಹಿಸಿಕೊಂಡರೆ ಇದರ ಬೆಲೆ ಗೊತ್ತಾಗುತ್ತದೆ.

ತೊನ್ನಿನ ವಿಚಾರಕ್ಕೆ ಈ ದೀಪ ಬಂದದ್ದು 1997ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ವೆಸ್ಟರ್‌ಹಾಫ್ ಮತ್ತು ಸಂಗಡಿಗರಿಂದ. ನಾಲ್ಕು ತಿಂಗಳ ನಂತರ 311ರ ಬೆಳಕು ಪಡೆದವರಲ್ಲಿ 67% ಮಂದಿಗೆ ಬಣ್ಣ ಮರಳತೊಡಗಿತ್ತು, ಪ್ಸೊರಾಲೆನ್ ಹಚ್ಚಿ ಯುವಿ-ಎ ಪಡೆದವರಲ್ಲಿ 46% ಮಂದಿಗೆ. ಹತ್ತು ವರ್ಷಗಳ ನಂತರ, 2007ರಲ್ಲಿ, ಲಂಡನ್ನಿನ ವೈದ್ಯರು ರೋಗಿಗೂ ಪರೀಕ್ಷಕರಿಗೂ ಯಾವ ಚಿಕಿತ್ಸೆಯೆಂದು ತಿಳಿಯದಂತೆ ಮಾಡಿ ಎರಡನ್ನೂ ಹೋಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಸುಧಾರಣೆ ಕಂಡವರು 311ರ ಬೆಳಕು ಪಡೆದವರ ಕಡೆ 64%, ಪುವಾ ಪಡೆದವರ ಕಡೆ 36%. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು, 311ರಿಂದ ಮರಳಿದ ಬಣ್ಣ ಸುತ್ತಲಿನ ಚರ್ಮಕ್ಕೆ ಹೊಂದಿಕೊಂಡಿತ್ತು, ಪುವಾದಿಂದ ಬಂದದ್ದು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹೊಂದಿಕೊಂಡಿರಲಿಲ್ಲ ಎಂಬ ಅಂಶ. ಬಿಳಿ ಹೋಗಿ ಕರಿಯ ತೇಪೆ ಬಂದರೆ ನಮ್ಮೂರಲ್ಲಿ ಕೇಳುವವರ ಪ್ರಶ್ನೆ ಬದಲಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಮರಳುವ ಬಣ್ಣ ಹೇಗಿರುತ್ತದೆಂದು ನೋಡದವರಿಗೆ ಹೇಳುತ್ತೇನೆ. ಕಲೆ ಅಂಚಿನಿಂದ ಒಣಗುತ್ತ ಬರುತ್ತದೆಂದು ನಾನು ತಿಳಿದಿದ್ದೆ. ಹದಿನಾರನೆಯ ಸಲದ ನಂತರ, ಒಂದು ಭಾನುವಾರ ಬೆಳಿಗ್ಗೆ ಕಿಟಕಿಯ ಬಳಿ ಮೊಣಕೈ ತಿರುಗಿಸಿದಾಗ ಬಿಳಿಯ ನಡುಮಧ್ಯದಲ್ಲಿ ಎಳ್ಳು ಚೆಲ್ಲಿದಂತೆ ಏಳೆಂಟು ಕಂದು ಚುಕ್ಕೆಗಳು ಕಂಡವು. ಪ್ರಯೋಗಶಾಲೆಯ ಭೂತಗನ್ನಡಿ ತಂದು ನೋಡಿದೆ: ಪ್ರತಿ ಚುಕ್ಕೆಯ ನಡುವಿನಿಂದಲೂ ಒಂದೊಂದು ಕೂದಲು ಹೊರಟಿತ್ತು. ಚರ್ಮದ ಮೇಲ್ಪದರದಲ್ಲಿ ಬಣ್ಣದ ಕೋಶಗಳು ಅಳಿದರೂ ಕೂದಲಿನ ಬುಡದಲ್ಲಿ ಅವುಗಳ ಬೀಜಕೋಶಗಳು ಉಳಿದಿರುತ್ತವೆ. ಬೆಳಕು ಒಂದು ಕಡೆ ದಾಳಿ ಮಾಡುವ ಬಿಳಿ ರಕ್ತಕಣಗಳನ್ನು ಅಡಗಿಸುತ್ತದೆ, ಇನ್ನೊಂದು ಕಡೆ ಈ ಬೀಜಕೋಶಗಳನ್ನು ಎಬ್ಬಿಸಿ ಮೇಲಕ್ಕೆ ಕಳಿಸುತ್ತದೆ. ಆದ್ದರಿಂದಲೇ ಕಲೆಯ ಮೇಲಿನ ಕೂದಲು ಬೆಳ್ಳಗಾಗಿದ್ದರೆ ಬಣ್ಣ ಮರಳುವ ಆಸೆ ಕಡಿಮೆ. ಕೂದಲೇ ಇಲ್ಲದ ಬೆರಳ ತುದಿ, ತುಟಿಗಳು ಹಟಮಾರಿಗಳು. ಪ್ರಬಂಧಗಳಲ್ಲಿ ಓದಿದ ಒಂದು ವಾಕ್ಯವನ್ನು ಮೊದಲ ಸಲ ನನ್ನ ಮೊಣಕೈಯ ಮೇಲೆ ನೋಡಿದ್ದು ಅಂದು. ನಮ್ಮ ಯಜಮಾನರನ್ನು ಕರೆದು ತೋರಿಸಿದೆ. “ಗುಗ್ಗರಿ ಹಂಚೂಣೇನು?” ಎಂದರು.

ಈ ಸಾಹಿತ್ಯದಲ್ಲಿ ನನಗೆ ಕಸಿವಿಸಿಯಾದ ಕಡೆಯೂ ಒಂದಿದೆ. ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಶ್ರೇಣಿಯನ್ನು ಇಂದು ಸೌಂದರ್ಯವರ್ಧಕಗಳ ಜಾಹೀರಾತಿನಲ್ಲೂ ಕಾಣಬಹುದು. 1974ರ ಪ್ರಬಂಧದ ಸಹಲೇಖಕರೇ ಅದನ್ನು 1975ರಲ್ಲಿ ರೂಪಿಸಿದ್ದು, ಪುವಾ ರೋಗಿಗೆ ಮೊದಲ ದಿನ ಎಷ್ಟು ಬೆಳಕು ಕೊಡಬೇಕೆಂದು ನಿರ್ಧರಿಸುವುದಕ್ಕಾಗಿ. ಕೂದಲು, ಕಣ್ಣುಗಳ ಬಣ್ಣ ನೋಡಿ ಪ್ರಮಾಣ ಕಟ್ಟಿದಾಗ ಕೆಲವರು ಸುಟ್ಟುಕೊಂಡರು, ಆದ್ದರಿಂದ “ಬಿಸಿಲಿಗೆ ನಿಮ್ಮ ಚರ್ಮ ಸುಡುತ್ತದೆಯೋ, ಕಪ್ಪಾಗುತ್ತದೆಯೋ?” ಎಂದು ರೋಗಿಯನ್ನೇ ಕೇಳುವ ಕ್ರಮ ಬಂತು. ಉಪಾಯ ಸರಳ, ಜಾಣತನದ್ದು. ಆದರೆ ಮೊದಲು ಇದ್ದದ್ದು ಬಿಳಿಯರ ಚರ್ಮದ ನಾಲ್ಕೇ ಬಗೆ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರನೆಯ ಸಾಲುಗಳನ್ನು ಆಮೇಲೆ ಸೇರಿಸಿದರು. ನಮ್ಮವರಲ್ಲಿ ಬಹುಪಾಲು ಮಂದಿ ನಾಲ್ಕು, ಐದರಲ್ಲಿ ಬರುತ್ತೇವೆ. ನಮ್ಮ ಚರ್ಮ ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ; ಆದರೆ ತೊನ್ನಿನ ಕಲೆಯೊಳಗೆ ತಡೆಯುವ ಬಣ್ಣವೇ ಇರುವುದಿಲ್ಲವಾದ್ದರಿಂದ ತೊನ್ನಿನವರಿಗೆ ಮೈಬಣ್ಣ ಯಾವುದೇ ಇದ್ದರೂ ಚದರ ಸೆಂಟಿಮೀಟರಿಗೆ 200 ಮಿಲಿಜೂಲಿನಷ್ಟು ಬೆಳಕಿನ ಶಕ್ತಿಯಿಂದ ಆರಂಭಿಸಿ ಎಂದು ಈಚಿನ ತಜ್ಞರ ಸಲಹೆ ಇದೆ. ನನ್ನ 40 ಸೆಕೆಂಡಿನ ಲೆಕ್ಕ ಅದೇ.

ಆ ಲೆಕ್ಕವೆಲ್ಲ ಒಂದು ನೂರು ಪುಟದ ನೋಟಬುಕ್ಕಿನಲ್ಲಿತ್ತು. ತಾರೀಖು, ಎಷ್ಟನೆಯ ಸಲ, ಮಿಲಿಜೂಲ್, ಸಮಯ, ಕೆಂಪಾಯಿತೇ ಇಲ್ಲವೇ ಎಂಬ ಐದು ಅಂಕಣಗಳು. ಗೆರೆಗಳನ್ನು ಸಿಸ್ಟರ್ ಅಡಿಪಟ್ಟಿ ಹಿಡಿದು ಎಳೆದಿದ್ದರು. ಪ್ರತಿ ಸಲ ಹಿಂದಿನದರ ಮೇಲೆ 10% ಏರಿಕೆ. 200, 220, 242. ಚಕ್ರಬಡ್ಡಿಯ ಲೆಕ್ಕವಿದು, ಏಳೆಂಟು ಸಲಕ್ಕೆ ಇಮ್ಮಡಿಯಾಗುತ್ತದೆ, ಹದಿನೈದು ಏರಿಕೆಗಳಾದರೆ 835 ದಾಟುತ್ತದೆ. ಚಕ್ರಬಡ್ಡಿಯ ಸ್ವಭಾವ ಗೊತ್ತಿದ್ದವಳೇ ನಾನು ಒಂದು ತಪ್ಪು ಮಾಡಿದೆ. 2023ರ ಮಾರ್ಚ್ ತಿಂಗಳಲ್ಲಿ ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿಬಿದ್ದು ಹದಿನಾರು ದಿನ ಹೋಗಲಾಗಲಿಲ್ಲ. ಮತ್ತೆ ಹೋದ ದಿನ ಹಳೆಯ ಸಿಸ್ಟರ್ ರಜೆಯ ಮೇಲಿದ್ದರು, ಬದಲಿಗೆ ಬಂದ ಹುಡುಗಿ, “ಮೇಡಂ, ಎಷ್ಟ ದಿವಸ ಬಿಟ್ಟೀರಿ?” ಎಂದು ಕೇಳಿದಳು. ಪ್ರಮಾಣ ಇಳಿಸಿಬಿಟ್ಟಾರೆಂಬ ಭಯಕ್ಕೆ, ಕಷ್ಟಪಟ್ಟು ಏರಿದ ಮೆಟ್ಟಿಲು ಇಳಿಯಬೇಕಲ್ಲ ಎಂಬ ಸಂಕಟಕ್ಕೆ, ನೋಟಬುಕ್ಕನ್ನು ಕೈಯಲ್ಲೇ ಹಿಡಿದುಕೊಂಡು “ಒಂದು ವಾರ” ಎಂದೆ. ಒಂದು ವಾರವಾದರೆ ಹಿಂದಿನ ಪ್ರಮಾಣವೇ ಮುಂದುವರಿಯುತ್ತದೆ. ಹದಿನೈದು ದಿನ ದಾಟಿದರೆ ಅರ್ಧಕ್ಕೆ ಇಳಿಸಬೇಕು, ಮೂರು ವಾರ ದಾಟಿದರೆ ಮೊದಲಿನಿಂದ ಆರಂಭಿಸಬೇಕು. ಬಿಸಿಲಿಗೆ ಒಗ್ಗಿದ ಚರ್ಮ ಬಿಡುವು ಸಿಕ್ಕರೆ ಆ ಒಗ್ಗಿಕೆಯನ್ನು ಬೇಗ ಕಳೆದುಕೊಳ್ಳುತ್ತದೆ. ರಾತ್ರಿ ಕುತ್ತಿಗೆಯ ಕಲೆ ಸೀಬೆಹಣ್ಣಿನ ತಿರುಳಿನಂತೆ ಕೆಂಪಾಗಿ, ರವಿಕೆಯ ಅಂಚು ತಾಗಿದರೆ ಜೀವ ಹೋಗುವಂತಾಯಿತು. ನಾಲ್ಕು ದಿನ ಚೂಡಿದಾರದ ಮೇಲೆ ತೆಳು ದುಪ್ಪಟ್ಟಾ ಹೊದ್ದು ಪಾಠ ಮಾಡಿದೆ. ಮುಂದಿನ ವಾರ ನಿಜ ಹೇಳಿದಾಗ ಡಾಕ್ಟರು ಬೈಯಲಿಲ್ಲ, ನೋಟಬುಕ್ಕಿನ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು.

ಪ್ಯಾರಿಶ್ ತಂಡದ ಪುವಾಕ್ಕೆ ಬಂದ ಕೆಂಪು ಗೆರೆ ಇದಕ್ಕಿಂತ ದೊಡ್ಡದು. ಹೊಸ ಚಿಕಿತ್ಸೆ ಡಿಎನ್‌ಎಗೇ ಕೈಹಾಕುತ್ತದೆಂದ ಮೇಲೆ ಮುಂದೇನಾದೀತೆಂದು ಕಾದು ನೋಡಲು, 1970ರ ದಶಕದ ನಡುವಿನಲ್ಲಿ ಪುವಾ ಪಡೆದ 1380 ಸೋರಿಯಾಸಿಸ್ ರೋಗಿಗಳನ್ನು ರಾಬರ್ಟ್ ಸ್ಟರ್ನ್ ಎಂಬ ವೈದ್ಯರು ದಶಕಗಳ ಕಾಲ ಹಿಂಬಾಲಿಸಿದರು. 1979ರಲ್ಲೇ ಅವರ ಮೊದಲ ಎಚ್ಚರಿಕೆ ಬಂತು: ಚರ್ಮದ ಕ್ಯಾನ್ಸರ್ ಹೆಚ್ಚುತ್ತಿದೆ. 1997ರಲ್ಲಿ ಎರಡನೆಯದು, ಮೊದಲ ಚಿಕಿತ್ಸೆಯಾಗಿ ಹದಿನೈದು ವರ್ಷ ಕಳೆದ ಮೇಲೆ, ಅದರಲ್ಲೂ 250 ಅಥವಾ ಅದಕ್ಕಿಂತ ಹೆಚ್ಚು ಸಲ ಬೆಳಕು ಪಡೆದವರಲ್ಲಿ, ಮೆಲನೋಮಾ ಎಂಬ ಅಪಾಯಕಾರಿ ಕ್ಯಾನ್ಸರಿನ ಸಂಭವ ಏರುತ್ತದೆ ಎಂದು. ಗೆಲುವು ಮತ್ತು ಎಚ್ಚರಿಕೆ ಎರಡೂ ಅದೇ ನ್ಯೂ ಇಂಗ್ಲೆಂಡ್ ಜರ್ನಲಿನಲ್ಲೇ ಅಚ್ಚಾದವು. ನಮ್ಮಲ್ಲಿ ಒಂದು ಔಷಧ ಹೆಸರು ಮಾಡಿದರೆ ಅದನ್ನು ಇಪ್ಪತ್ತು ವರ್ಷ ಅನುಮಾನದಿಂದ ನೋಡುವವರನ್ನು ಹೊಟ್ಟೆಕಿಚ್ಚಿನವರೆಂದು ಬಿಡುತ್ತೇವೆ. 311ರ ಬೆಳಕಿನ ಬಗ್ಗೆ ಇಂಥ ಭಯಕ್ಕೆ ಆಧಾರ ಸಿಕ್ಕಿಲ್ಲ. 2008ರಲ್ಲಿ ಸ್ಕಾಟ್ಲೆಂಡಿನಿಂದ ಬಂದ 3867 ರೋಗಿಗಳ ಅಧ್ಯಯನದಲ್ಲಿ ಇದಕ್ಕೂ ಚರ್ಮದ ಕ್ಯಾನ್ಸರಿಗೂ ಗಣನೀಯ ಸಂಬಂಧ ಕಾಣಲಿಲ್ಲ. ಆದರೂ ಡಾಕ್ಟರರ ಕಣ್ಗಾವಲಿಲ್ಲದೆ ವರ್ಷಗಟ್ಟಲೆ ಬೆಳಕು ಪಡೆಯುತ್ತಲೇ ಇರುವುದು ಸರಿಯಲ್ಲ.

ಪ್ಯಾರಿಶ್ ಅವರ ಪಟ್ಟಿಯಲ್ಲಿ 1983ರದು ಜಗತ್ತಿಗೆ ಹೆಚ್ಚು ಗೊತ್ತಿರುವ ಪ್ರಬಂಧ. ರಾಕ್ಸ್ ಆಂಡರ್‌ಸನ್ ಜೊತೆ ಸೈನ್ಸ್ ಪತ್ರಿಕೆಯಲ್ಲಿ ಬರೆದ ಅದರಲ್ಲಿ, ಲೇಸರಿನ ಮಿಂಚು ಸಾಕಷ್ಟು ಚಿಕ್ಕದಾಗಿದ್ದರೆ ಬಿಸಿ ಸುತ್ತಲಿಗೆ ಹರಡುವ ಮೊದಲೇ ಗುರಿಯಷ್ಟೇ ಸುಡುತ್ತದೆಂಬ ತತ್ತ್ವವಿದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಬೇಡದ ಕೂದಲು ತೆಗೆಯುವ ಲೇಸರ್ ಕ್ಲಿನಿಕ್ಕುಗಳ ಬೋರ್ಡುಗಳೆಲ್ಲ ಆ ಹಾಳೆಗಳ ಸಂತಾನ. ನನಗದರಲ್ಲಿ ಆಸಕ್ತಿ ಹುಟ್ಟಲಿಲ್ಲ.

ನನಗೆ ಆಸಕ್ತಿ ಹುಟ್ಟಿಸಿದ್ದು ಬಸ್ಸು. ವಾರಕ್ಕೆ ಮೂರು ಸಲ ಬೆಳಕು ಪಡೆಯಬೇಕೆಂದು ಡಾಕ್ಟರು ಹೇಳಿದ್ದರು, ಎರಡಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ. ಜಮಖಂಡಿಯಿಂದ ಹೊರಟು, ಚಿಕ್ಕಪಡಸಲಗಿಯ ಬಳಿ ಕೃಷ್ಣೆಯನ್ನು ದಾಟಿ, ವಿಜಯಪುರ ಸೇರಲು ಬಸ್ಸಿಗೆ ಕಾಯುವ ಹೊತ್ತೂ ಸೇರಿ ಎರಡು ತಾಸು, ಬರಲು ಎರಡು ತಾಸು. 2023ರ ಅಕ್ಟೋಬರಿನಲ್ಲಿ ಚಿಕಿತ್ಸೆ ನಿಲ್ಲಿಸಿದಾಗ ನೋಟಬುಕ್ಕಿನಲ್ಲಿ 91 ಸಾಲುಗಳಿದ್ದವು. ಕೂಡಿಸಿ ನೋಡಿದೆ: ದಾರಿಯಲ್ಲಿ ಕಳೆದದ್ದು 364 ತಾಸು, ಪೆಟ್ಟಿಗೆಯೊಳಗೆ ಬೆಳಕಿನಲ್ಲಿ ನಿಂತದ್ದು ಒಟ್ಟು ನಾಲ್ಕು ತಾಸಿಗೂ ಕಡಿಮೆ. ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ದುಡ್ಡು ಉಳಿಯಿತು, ತಾಸು ಉಳಿಯಲಿಲ್ಲ; ಸೀಟು ಸಿಗುವುದಂತೂ ದೂರದ ಮಾತಾಯಿತು. ಅರ್ಧ ಶತಮಾನದ ಪ್ರಬಂಧಗಳು ತರಂಗಾಂತರವನ್ನು ಅಳೆದವು, ಮಿಲಿಜೂಲನ್ನು ಅಳೆದವು, ಚರ್ಮದ ಬಣ್ಣವನ್ನು ಅಳೆದವು. ರೋಗಿ ಆ ಪೆಟ್ಟಿಗೆಯ ತನಕ ಬರುವುದು ಹೇಗೆಂಬುದು ‘ಅರ್ಧಕ್ಕೆ ಬಿಟ್ಟವರು’ ಎಂಬ ಒಂದು ಅಂಕಿಯಾಗಿ ಮೂಲೆಯಲ್ಲಿ ಉಳಿಯಿತು.

ಅದನ್ನೇ ಮುಖ್ಯ ಪ್ರಶ್ನೆಯಾಗಿ ಎತ್ತಿಕೊಂಡ ದೊಡ್ಡ ಅಧ್ಯಯನ ನನ್ನ ಚಿಕಿತ್ಸೆ ಮುಗಿದ ಮೇಲೆ, 2024ರಲ್ಲಿ, ಅಮೆರಿಕದಿಂದ ಬಂತು. ಸೋರಿಯಾಸಿಸ್ ಇರುವ 783 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮನೆಯಲ್ಲೇ 311ರ ದೀಪ ಕೊಟ್ಟರು, ಇನ್ನೊಂದು ಪಾಲನ್ನು ಕ್ಲಿನಿಕ್ಕಿಗೆ ಕರೆದರು. ಕಪ್ಪು, ಕಂದು ಚರ್ಮದವರು ಸಾಕಷ್ಟು ಇರುವಂತೆಯೂ ನೋಡಿಕೊಂಡರು. ಹನ್ನೆರಡು ವಾರಗಳ ನಂತರ ಚರ್ಮ ಪೂರ್ತಿ ಅಥವಾ ಬಹುತೇಕ ತಿಳಿಯಾದವರು ಮನೆಯ ಪಾಲಿನಲ್ಲಿ 32.8%, ಕ್ಲಿನಿಕ್ಕಿನ ಪಾಲಿನಲ್ಲಿ 25.6%. ವಾರಕ್ಕೆ ಎರಡು ಸಲವಾದರೂ ತಪ್ಪದೆ ಬೆಳಕು ಪಡೆದವರು ಮನೆಯಲ್ಲಿ 51.4%, ಕ್ಲಿನಿಕ್ಕಿನಲ್ಲಿ 15.9%. ಕಾರು, ಒಳ್ಳೆಯ ರಸ್ತೆಗಳ ದೇಶದಲ್ಲೇ ನೂರಕ್ಕೆ ಹದಿನಾರು ಮಂದಿ! ಆ ಸಾಲನ್ನು ಓದಿದಾಗ ನನ್ನ 91ರ ಬಗ್ಗೆ ಸ್ವಲ್ಪ ಜಂಬ ಬಂದದ್ದನ್ನು ಮುಚ್ಚಿಡುವುದಿಲ್ಲ.

ಹಾಗೆಂದು ಮನೆಯ ದೀಪ ಪವಾಡವಲ್ಲ. ತೊನ್ನಿಗೆ ಕೈಯಲ್ಲಿ ಹಿಡಿಯುವ ಸಣ್ಣ ದೀಪವನ್ನು ಮನೆಗೆ ಕೊಟ್ಟು ಬ್ರಿಟನ್ನಿನಲ್ಲಿ 517 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳಿಗೆ ಕಲೆ ಎದ್ದು ಕಾಣುವುದು ಬಹಳ ಕಡಿಮೆಯಾಯಿತೆಂದು ಹೇಳಿದವರು ಸ್ಟಿರಾಯ್ಡ್ ಮುಲಾಮಿನಿಂದ 17%, ದೀಪದಿಂದ 22%, ಎರಡೂ ಕೂಡಿ 27%. ಅಂದರೆ ನಾಲ್ವರಲ್ಲಿ ಮೂವರಿಗೆ ಹೇಳಿಕೊಳ್ಳುವಂಥ ಫಲವಿಲ್ಲ. ನನ್ನ ಕುತ್ತಿಗೆ ಪೂರ್ತಿ ತುಂಬಿದೆ, ಮೊಣಕೈ ಮುಕ್ಕಾಲು ತುಂಬಿದೆ, ಬೆರಳ ತುದಿಗಳು ಸುಣ್ಣದಲ್ಲಿ ಅದ್ದಿದಂತೆ ಮೊದಲು ಹೇಗಿದ್ದವೋ ಹಾಗೇ ಇವೆ. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣವೋ ಬೆರಳೋ ಎಂದು ಹಿಂದಿನ ಬೆಂಚಿನವರಿಗೆ ತಿಳಿಯುವುದಿಲ್ಲ.

ಕಳೆದ ತಿಂಗಳು ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ತಂದೆಯನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದಿದ್ದಳು. ಎಡಗಣ್ಣಿನ ರೆಪ್ಪೆಯ ಹೊರಮೂಲೆಯಲ್ಲಿ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಕಲೆ. ಅದರ ಮೇಲಿನ ನವಿರು ಕೂದಲು ಇನ್ನೂ ಕಪ್ಪಾಗಿತ್ತು. ಮುಖದ ಕಲೆಗಳು ಬೇಗ ಮಾತು ಕೇಳುತ್ತವೆ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಮುಲಾಮಿನಲ್ಲೇ ಮುಗಿದರೂ ಮುಗಿಯಬಹುದು, ಬೆಳಕು ಬೇಕೆಂದರೆ ತಿಂಗಳುಗಟ್ಟಲೆ ಬಿಡದೆ ಹೋಗಬೇಕಾಗುತ್ತದೆ ಎಂದು ಹೇಳಿದೆ. ಪ್ಯಾರಿಶ್, 311, ಗ್ಯಾಡೊಲಿನಿಯಮ್ ಯಾವುದನ್ನೂ ಎತ್ತಲಿಲ್ಲ. ತಂದೆ ಕಬ್ಬು ಬೆಳೆಯುವವರು, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತೇ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ:

“ವಾರಕ್ಕ ಎಷ್ಟ ಸಲ ಹೋಗಬೇಕಾಕ್ಕೈತ್ರಿ ಮೇಡಂ?”

ಎರಡು ಸಲವಾದರೂ ಎಂದೆ. ಅವರು ಹುಡುಗಿಯ ಮುಖ ನೋಡಿದರು, ಕಟಾವು ಮುಗಿಯಲು ಇನ್ನೆಷ್ಟು ವಾರವೆಂದು ಬೆರಳು ಮಡಚಿ ಎಣಿಸತೊಡಗಿದರು.